ಲ್ಯಾಬ್ ಬೀಗದ ಕಥೆ: ಶಾಲೆ ಕಂಪ್ಯೂಟರ್‌ಗೆ ರೂಲ್ಸ್ ಬರೆದವರು ಯಾರು?

ಭಾಗ 1/10

ಮೊದಲೇ ಹೇಳ್ಬಿಡ್ತೀನಿ, ಇದು ಗೋಳಗುಮ್ಮಟದ ವಿಜಯಪುರ ಅಲ್ಲ. ಬಿಜಾಪುರಕ್ಕೆ ಆ ಹೆಸರು ಬಂದಿದ್ದು 2014ರ ನವೆಂಬರ್ 1ಕ್ಕೆ. ನಾವು ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರು. ಹಳಬರ ಬಾಯಲ್ಲಿ ಇನ್ನೂ ವಡಿಗೇನಹಳ್ಳಿ. ರೇಷ್ಮೆಗೂಡಿನ ಊರು, ವಿಮಾನದ ಸದ್ದು ಕೇಳೋ ಊರು.

ಈಗ ವಿಷಯಕ್ಕೆ ಬರ್ತೀನಿ. ಹೋದ ವಾರ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್‌ಗೆ ಹೊಸ ನಿಯಮ ಮಾಡೋಣ ಅಂತ ಮಾತು ಬಂತು. ಪ್ರತಿ ಕ್ಲಾಸ್ ರೆಪ್ರೆಸೆಂಟೇಟಿವ್ ಐದು ನಿಯಮ ಬರೆದು ಸೋಮವಾರ ಕೊಡಬೇಕು. ನಮ್ಮ ಬಿ.ಕಾಂ. ಸೆಕ್ಷನ್ ಕಡೆಯಿಂದ ಆ ಕೆಲಸ ನನ್ನ ತಲೆಗೆ ಬಿತ್ತು.

ರಾತ್ರಿ ಕೂತು ಬರೆದೆ. ತಿಂಡಿ ತರಬಾರದು. ಮಾತಾಡಬಾರದು. ಸೋಷಿಯಲ್ ಮೀಡಿಯಾ ತೆರೆಯಬಾರದು. ಅನುಮತಿ ಇಲ್ಲದೆ ಮುಟ್ಟಬಾರದು. ಪೆನ್‌ಡ್ರೈವ್ ಹಾಕಬಾರದು. ಎರಡೇ ನಿಮಿಷ, ಐದೂ ರೆಡಿ.

ಆಮೇಲೆ ಓದಿ ನೋಡಿದ್ರೆ ನನಗೇ ನಾಚಿಕೆ ಆಯ್ತು. ಇದರಲ್ಲಿ ನನ್ನದು ಅಂತ ಒಂದು ಸಾಲೂ ಇಲ್ಲ. ಎಂಟನೇ ಕ್ಲಾಸಿನಲ್ಲಿ ಗೋಡೆ ಮೇಲೆ ಅಂಟಿಸಿದ್ದ ಹಾಳೆಯನ್ನೇ ನೆನಪಿನಿಂದ ಇಳಿಸಿದ್ದೆ. ಐದಕ್ಕೆ ಐದೂ "ಬಾರದು".

ಹಾಗಾದ್ರೆ ಆ ಹಾಳೆಗೆ ಆ "ಬಾರದು"ಗಳು ಎಲ್ಲಿಂದ ಬಂದ್ವು? ಹುಡುಕ್ತಾ ಹೋದೆ. ಸುಮಾರು 40 ವರ್ಷದ ಕಥೆ ಸಿಕ್ಕಿತು. ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ, ಅದಕ್ಕೆ ಹತ್ತು ಭಾಗ. ಸೇವ್ ಮಾಡ್ಕೊಳ್ಳಿ, ಬಸ್ಸಿನಲ್ಲಿ ಓದಿ.

ಭಾಗ 2/10

ಮೊದಲು ಆ ಹಾಳೆಯ ಬಗ್ಗೆ.

2018. ನಾನು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಶಾಲೆಯ ಹೆಸರು ಬೇಡ, ಯಾಕಂದ್ರೆ ಇದು ಒಂದು ಶಾಲೆಯ ಕಥೆ ಅಲ್ಲ. ಕಾರಿಡಾರಿನ ಕೊನೆಯ ರೂಮು, ಕಿಟಕಿಗೆ ಪರದೆ, ಬಾಗಿಲಿಗೆ ದೊಡ್ಡ ಬೀಗ. ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ಒಳಗೆ ಹೋಗಬೇಕು, ದೇವಸ್ಥಾನದ ಥರ. ಒಂದು ಕಂಪ್ಯೂಟರಿಗೆ ಐದಾರು ಜನ. ಮೌಸ್ ಹಿಡಿಯೋನು ಒಬ್ಬ. ಉಳಿದವರು "ಅದನ್ನ ಒತ್ತೋ, ಇದನ್ನ ಒತ್ತೋ" ಅಂತ ಹಿಂದೆ ನಿಂತು ಹೇಳೋರು. ಹುಡುಗಿಯರು ಸಾಮಾನ್ಯವಾಗಿ ಆ ಹಿಂದಿನ ಸಾಲು. ಹಾಗಂತ ಯಾರೂ ರೂಲ್ ಮಾಡಿರಲಿಲ್ಲ, ಆದ್ರೂ ಹಾಗೇ ನಡೀತಿತ್ತು.

ಗೋಡೆ ಮೇಲೆ ಹನ್ನೆರಡು ನಿಯಮಗಳ ಪ್ರಿಂಟೌಟ್. ಪೂರ್ತಿ ಇಂಗ್ಲಿಷ್. "ಡು ನಾಟ್" ಅಂತ ಶುರುವಾಗೋ ಸಾಲುಗಳು. ನಮ್ಮಲ್ಲಿ ಅರ್ಧ ಜನಕ್ಕೆ ಅದು ಓದೋಕೇ ಬರ್ತಿರಲಿಲ್ಲ. ಆದ್ರೆ ಅದನ್ನ ಮುರಿದ್ರೆ ಹೊರಗೆ ನಿಲ್ಲೋ ಶಿಕ್ಷೆ ಮಾತ್ರ ಕನ್ನಡದಲ್ಲೇ ಸಿಗ್ತಿತ್ತು.

ಒಂದು ದಿನ ಮೇಷ್ಟ್ರು ಆಚೆ ಹೋದಾಗ ನಾನು ನೋಟ್‌ಪ್ಯಾಡ್ ತೆಗೆದು ನನ್ನ ಹೆಸರು ಟೈಪ್ ಮಾಡೋಕೆ ಹೋದೆ. ಮೂರು ಅಕ್ಷರ ಆಗಿತ್ತು, ಸಿಕ್ಕಿಬಿದ್ದೆ. "ಕೆಟ್ಟು ಹೋದ್ರೆ ನಿಮ್ಮಪ್ಪ ಕೊಡ್ತಾರಾ?" ಅಂದ್ರು.

ಆ ಪ್ರಶ್ನೆ ಈಗ ನನಗೆ ಅರ್ಥ ಆಗುತ್ತೆ. ಅವರಿಗೂ ಯಾರೋ ಮೇಲಿನವರು ಅದನ್ನೇ ಕೇಳಿರ್ತಾರೆ. ಅದು ಶುರುವಾಗಿದ್ದು ನಾವು ಹುಟ್ಟೋಕೆ 20 ವರ್ಷ ಮುಂಚೆ.

ಭಾಗ 3/10

1984. ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡೋ ಮೊದಲ ದೊಡ್ಡ ಪ್ರಯೋಗ ಶುರು ಮಾಡ್ತು. ಹೆಸರು "ಕ್ಲಾಸ್" ಯೋಜನೆ, ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನ ಅಂತ ಅರ್ಥ. ಇಡೀ ದೇಶಕ್ಕೆ ಮೊದಲ ಹಂತದಲ್ಲಿ ಸುಮಾರು 250 ಶಾಲೆ.

ಬಂದಿದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ ಅನ್ನೋ ಯಂತ್ರ. ಅದರ ಮೆಮೊರಿ 32 ಕೆಬಿ. ನೀವು ಈಗ ಸ್ಟೋರಿಗೆ ಹಾಕೋ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ. ಇಂಟರ್ನೆಟ್ ಅನ್ನೋ ಮಾತೇ ಇರಲಿಲ್ಲ.

ಹಾಗಾದ್ರೆ ಆಗ ಅಪಾಯ ಯಾವುದಕ್ಕೆ? ಯಂತ್ರಕ್ಕೆ. ಧೂಳು ಬಿದ್ದರೆ ಕೆಟ್ಟಿತು, ಕರೆಂಟ್ ಏರಿಳಿದ್ರೆ ಕೆಟ್ಟಿತು, ರಿಪೇರಿಗೆ ಬಿಡಿಭಾಗ ಹತ್ತಿರದಲ್ಲಿ ಸಿಗಲ್ಲ, ಹೇಳಿಕೊಡೋ ಮೇಷ್ಟ್ರಿಗೂ ಅದು ಹೊಸದು. ದಾಖಲೆ ಪುಸ್ತಕದಲ್ಲಿ ಅದು ಶಾಲೆಯ ಆಸ್ತಿ, ಕಳೆದ್ರೆ ಕೆಟ್ರೆ ಉತ್ತರ ಹೇಳಬೇಕಾದವರು ಮುಖ್ಯೋಪಾಧ್ಯಾಯರು. ಅಂಥ ಕಡೆ ಬೀಗ ಹಾಕೋದು ಸಹಜ. ಚಪ್ಪಲಿ ಬಿಡಿಸೋದೂ ಸಹಜ.

ನನ್ನ ಮಟ್ಟಿಗೆ ಇದು ಮೊದಲ ತಲೆಮಾರಿನ ರೂಲ್ಸ್: ಮಕ್ಕಳಿಂದ ಕಂಪ್ಯೂಟರನ್ನ ಕಾಪಾಡೋ ರೂಲ್ಸ್. ಆ ಕಾಲಕ್ಕೆ ಅದಕ್ಕೊಂದು ಕಾರಣ ಇತ್ತು.

ತೊಂದರೆ ಏನಂದ್ರೆ, ಯಂತ್ರ ಬದಲಾಯ್ತು, ಬೆಲೆ ಇಳೀತು, ಧೂಳಿಗೆ ಹೆದರೋ ಕಾಲ ಹೋಯ್ತು. ರೂಲ್ ಮಾತ್ರ ಹಾಗೇ ಉಳೀತು. 2018ರಲ್ಲಿ ನಾನು ಬಿಟ್ಟ ಚಪ್ಪಲಿ 1984ರ ಚಪ್ಪಲಿ.

ಭಾಗ 4/10

1995ರ ಆಗಸ್ಟ್ 15. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡಿದ ದಿನ. ಆಗ ವಿದ್ಯಾರ್ಥಿಗಳಿಗೆ ಅಂತಾನೇ ಒಂದು ಅಗ್ಗದ ಖಾತೆ ಇತ್ತು. ಆದ್ರೆ ಅದರಲ್ಲಿ ಬರೀ ಅಕ್ಷರ ಕಾಣ್ತಿತ್ತು, ಚಿತ್ರ ಇಲ್ಲ. ಅಂದ್ರೆ ಶುರುವಿನಿಂದಲೇ ವಿದ್ಯಾರ್ಥಿಯ ಇಂಟರ್ನೆಟ್ ಬೇರೆ, ಕಾಸಿದ್ದವರ ಇಂಟರ್ನೆಟ್ ಬೇರೆ.

ಮುಂದಿನ ವರ್ಷ, 1996ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾಯ್ತು. ಅದು ಶುರುವಾಗಿದ್ದು ಸೈಬರ್ ಕೆಫೆಯಾಗಿ ಅಂತ ನಿಮಗೆ ಗೊತ್ತಿತ್ತಾ?

ಸರ್ಕಾರಿ ಶಾಲೆಯ ಸರದಿ ಬಂದಿದ್ದು 2001ರಲ್ಲಿ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. "ಮಾಹಿತಿ ಸಿಂಧು" ಅನ್ನೋ ಯೋಜನೆಯಲ್ಲಿ ಸುಮಾರು 1000 ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಕೊಡೋದು. ಯಂತ್ರವೂ ಖಾಸಗಿ ಕಂಪನಿಗಳದ್ದು, ಹೇಳಿಕೊಡೋರೂ ಕಂಪನಿ ಕಡೆಯವರು, ಎಲ್ಲಾ ಗುತ್ತಿಗೆ ಲೆಕ್ಕ. 2004ರ ಡಿಸೆಂಬರಿನಲ್ಲಿ ಕೇಂದ್ರದ "ಐಸಿಟಿ ಅಟ್ ಸ್ಕೂಲ್ಸ್" ಬಂತು, ನಮ್ಮ ರಾಜ್ಯದಲ್ಲಿ ಅದು ಹಂತ ಹಂತವಾಗಿ ನಡೀತು.

ಬಿ.ಕಾಂ. ಓದ್ತಿರೋರಿಗೆ ಇದು ಬೇಗ ಹೊಳೆಯುತ್ತೆ. ಗುತ್ತಿಗೆಗೆ ಒಂದು ಕೊನೆ ದಿನಾಂಕ ಇರುತ್ತೆ. ಗುತ್ತಿಗೆ ಮುಗಿದ ಮೇಲೆ ಯಂತ್ರ ಶಾಲೆಗೆ ಉಳಿಯಬಹುದು, ಹೇಳಿಕೊಡೋ ವ್ಯಕ್ತಿಗೆ ಸಂಬಳ ಕೊಡೋರು ಯಾರು? ಆತ ಹೋದ. ಕೀ ಮಾತ್ರ ಆಫೀಸಿನ ಮೊಳೆಗೆ ನೇತಾಡ್ತು. ಲೆಕ್ಕಪತ್ರದಲ್ಲಿ ಕಂಪ್ಯೂಟರಿಗೆ ಸವಕಳಿ ಹಾಕ್ತೀವಿ ಅಲ್ವಾ, ಉಪಯೋಗಿಸಿದ್ರೂ ಸವಕಳಿ, ಬೀಗ ಹಾಕಿಟ್ಟರೂ ಸವಕಳಿ. ಬೀಗ ಹಾಕಿ ಯಾರೂ ಒಂದು ರೂಪಾಯಿ ಉಳಿಸಲಿಲ್ಲ.

ಭಾಗ 5/10

ಶಾಲೆಯಲ್ಲಿ ಬೀಗ ಬಿದ್ದರೆ ಹುಡುಗರು ಎಲ್ಲಿಗೆ ಹೋಗ್ತಾರೆ? ಸೈಬರ್ ಸೆಂಟರಿಗೆ.

ನಿಮ್ಮ ಅಣ್ಣ ಅಕ್ಕಂದಿರನ್ನ ಕೇಳಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಬಸ್ ಸ್ಟ್ಯಾಂಡ್ ಹತ್ತಿರ ಕ್ಯೂ. ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಅರ್ಜಿ, ಎಲ್ಲಾ ಅಲ್ಲೇ. ಅಲ್ಲಿಗೆ ಬಂದ್ವು ಎರಡನೇ ತಲೆಮಾರಿನ ರೂಲ್ಸ್: ಇಂಟರ್ನೆಟ್‌ನಿಂದ ಮಕ್ಕಳನ್ನ ಕಾಪಾಡೋದು, ಜೊತೆಗೆ ಮಕ್ಕಳ ಮೇಲೂ ಒಂದು ಕಣ್ಣಿಡೋದು.

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿದ್ದು 2000ದ ಅಕ್ಟೋಬರ್ 17. ಅದರ ಕೆಳಗೆ 2011ರ ಏಪ್ರಿಲ್‌ನಲ್ಲಿ ಸೈಬರ್ ಕೆಫೆ ನಿಯಮಗಳು ಬಂದ್ವು. ಓದಿದ್ರೆ ಮಜಾ ಇದೆ. ಒಳಗೆ ಬರೋರು ಗುರುತಿನ ಚೀಟಿ ತೋರಿಸ್ಬೇಕು, ಶಾಲೆ ಕಾಲೇಜಿನ ಐಡಿ ಕಾರ್ಡ್ ನಡೆಯುತ್ತೆ. ಫೋಟೋ ಇರೋ ಕಾರ್ಡ್ ಇಲ್ಲದ ಮಕ್ಕಳ ಜೊತೆ ದೊಡ್ಡವರು ಇರಬೇಕು. ಹೆಸರು, ವಿಳಾಸ, ಬಂದ ಹೊತ್ತು, ಹೋದ ಹೊತ್ತು ರಿಜಿಸ್ಟರಿನಲ್ಲಿ ಬರೆದು ಕನಿಷ್ಠ ಒಂದು ವರ್ಷ ಇಡಬೇಕು. ಕ್ಯಾಬಿನ್ನಿನ ಅಡ್ಡಗೋಡೆ ನೆಲದಿಂದ ನಾಲ್ಕೂವರೆ ಅಡಿ ದಾಟಬಾರದು. ಆ ಕ್ಯಾಬಿನ್ ಒಳಗೆ 18 ತುಂಬದವರು ಒಂಟಿಯಾಗಿ ಕೂರಬಾರದು, ಅಪ್ಪ ಅಮ್ಮ ಅಥವಾ ಪೋಷಕರು ಜೊತೆಗಿರಬೇಕು.

ಕೆಲವು ಒಳ್ಳೆಯದೇ. ಮರೆಯಲ್ಲಿ ಏನೇನು ನಡೀತಿತ್ತು ಅಂತ ಎಲ್ಲರಿಗೂ ಗೊತ್ತು. ಆದ್ರೆ ನಮ್ಮ ದೊಡ್ಡಪ್ಪನ ಮಗಳು ಹೇಳೋದು ಕೇಳಿ: "ಗೌರ್ಮೆಂಟ್ ರೂಲ್ ನನಗೆ ಗೊತ್ತೇ ಇರಲಿಲ್ಲ. ಮನೇಲಿ ಒಂದೇ ರೂಲು. ಹುಡುಗೀರು ಸೈಬರ್‌ಗೆ ಹೋಗಬಾರದು." ಅವಳ ಅರ್ಜಿ ತುಂಬಿದ್ದು ಪಕ್ಕದ ಮನೆ ಹುಡುಗ. ಪಾಸ್‌ವರ್ಡ್ ಇಟ್ಟುಕೊಂಡಿದ್ದೂ ಅವನೇ. ಅವಳನ್ನ ಕಾಪಾಡೋಕೆ ಮಾಡಿದ ರೂಲಿನಿಂದ ಅವಳ ಕೀಲಿ ಬೇರೆಯವರ ಕೈಗೆ ಹೋಯ್ತು.

ಭಾಗ 6/10

ಈ ಹೆದರಿಕೆ ನಮ್ಮದೊಂದೇ ದೇಶದ್ದಲ್ಲ. ಅಮೆರಿಕದಲ್ಲಿ 2000ದ ಡಿಸೆಂಬರಿನಲ್ಲಿ ಒಂದು ಕಾಯ್ದೆ ಆಯ್ತು. ಸರ್ಕಾರದ ರಿಯಾಯಿತಿ ದರದ ಇಂಟರ್ನೆಟ್ ಬೇಕು ಅಂದ್ರೆ ಶಾಲೆ, ಲೈಬ್ರರಿಗಳು ಫಿಲ್ಟರ್ ಹಾಕಲೇಬೇಕು. ಅಶ್ಲೀಲ ಚಿತ್ರ ತಡೆಯೋದು ಉದ್ದೇಶ. ಆದ್ರೆ ಪದ ನೋಡಿ ಬಾಗಿಲು ಮುಚ್ಚೋ ಫಿಲ್ಟರಿಗೆ ಕೆಟ್ಟದ್ದು ಯಾವುದು, ಆರೋಗ್ಯದ ಮಾಹಿತಿ ಯಾವುದು ಅಂತ ಗೊತ್ತಾಗಲ್ಲ ಅನ್ನೋ ದೂರು ಅಲ್ಲಿ ಬೇಗನೇ ಬಂತು.

ನಮ್ಮಲ್ಲಿ 2012ರಲ್ಲಿ ಶಾಲಾ ಶಿಕ್ಷಣದಲ್ಲಿ ಐಸಿಟಿ ಬಗ್ಗೆ ರಾಷ್ಟ್ರೀಯ ನೀತಿ ಬಂತು. ಪ್ರತಿ ಶಾಲೆಗೆ ಕನಿಷ್ಠ 10 ಕಂಪ್ಯೂಟರಿನ ನೆಟ್‌ವರ್ಕ್ ಲ್ಯಾಬ್ ಇರಬೇಕು ಅನ್ನೋದು ಅದರ ಆಸೆ. 2017ರ ಆಗಸ್ಟ್ 18ಕ್ಕೆ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸ್ತು. ಬ್ಲೂ ವೇಲ್ ಅನ್ನೋ ಆಟದ ಭಯ ಹಬ್ಬಿದ್ದ ದಿನಗಳು ಅವು, ನೆನಪಿದೆಯಾ? ಫಿಲ್ಟರ್ ಹಾಕಿ, ಮಕ್ಕಳ ಬಳಕೆ ಗಮನಿಸಿ, ಅನುಮತಿ ಇಲ್ಲದೆ ಫೋನ್ ಟ್ಯಾಬ್ ತರೋಕೆ ಬಿಡಬೇಡಿ ಅಂತ. ಸುರಕ್ಷಿತವಾಗಿ ಬಳಸೋದು ಹೇಗೆ ಅಂತ ಮಕ್ಕಳಿಗೆ ಕಲಿಸಿ ಅಂತಲೂ ಅದರಲ್ಲಿತ್ತು.

ಸುತ್ತೋಲೆ ಒಂದು ಶಾಲೆಗೆ ಬಂದಾಗ ಏನಾಗುತ್ತೆ ಅಂತ ಯೋಚನೆ ಮಾಡಿ. ಫಿಲ್ಟರ್ ಹಾಕೋದು ಒಂದು ದಿನದ ಕೆಲಸ, ಟಿಕ್ ಹಾಕಬಹುದು. ಕಲಿಸೋದು ವರ್ಷದ ಕೆಲಸ, ಟಿಕ್ ಹಾಕೋಕೆ ಆಗಲ್ಲ.

ನನ್ನ ಅನುಭವ: ಎರಡನೇ ವರ್ಷದಲ್ಲಿ ಷೇರು ಮಾರುಕಟ್ಟೆ ಬಗ್ಗೆ ಪ್ರಾಜೆಕ್ಟ್. ಕಾಲೇಜಿನ ಲ್ಯಾಬ್‌ನಲ್ಲಿ ಷೇರು ಬೆಲೆ ತೋರಿಸೋ ಸೈಟ್ ಬ್ಲಾಕ್! ಅದನ್ನ ಜೂಜಿನ ಪಟ್ಟಿಗೆ ಸೇರಿಸಿದ್ದರೋ ಏನೋ. ತೆಗೆಸೋಕೆ ಯಾರನ್ನ ಕೇಳಬೇಕು ಅಂತ ಯಾರಿಗೂ ಗೊತ್ತಿಲ್ಲ. ಮೊಬೈಲ್ ಡೇಟಾ ಇದ್ದವರು ಮುಗಿಸಿದ್ರು. ಡೇಟಾ ಇಲ್ಲದವರು ಅವರ ಹತ್ತಿರ ಕಾಪಿ ಹೊಡೆದ್ರು.

ಭಾಗ 7/10

ಇಲ್ಲೀವರೆಗೆ ರೂಲ್ ಬರೆದೋರು ದೊಡ್ಡವರು, ಸಹಿ ಹಾಕಿದೋರು ಪೋಷಕರು, ಪಾಲಿಸಿದೋರು ನಾವು. ಪ್ರಶ್ನೆ ಕೇಳಿದೋರು ಯಾರೂ ಇಲ್ವಾ? ಇದ್ದಾರೆ. ಪಕ್ಕದ ಕೇರಳದಲ್ಲಿ, ಹೆಚ್ಚೂ ಕಮ್ಮಿ ನಮ್ಮ ವಯಸ್ಸಿನ ಒಬ್ಬ ಹುಡುಗಿ.

ಫಹೀಮಾ ಶಿರಿನ್. ಕೋಝಿಕ್ಕೋಡ್ ಜಿಲ್ಲೆಯ ಚೇಳನ್ನೂರಿನ ಕಾಲೇಜಿನಲ್ಲಿ ಬಿ.ಎ. ಓದ್ತಿದ್ದರು. ಹುಡುಗಿಯರ ಹಾಸ್ಟೆಲಿನಲ್ಲಿ ಮೊದಲು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಫೋನ್ ಬಳಸಬಾರದು ಅಂತ ಇತ್ತು. 2019ರಲ್ಲಿ ಅದನ್ನ ಬದಲಿಸಿ ಸಂಜೆ 6ರಿಂದ ರಾತ್ರಿ 10 ಅಂತ ಮಾಡಿದ್ರು. ಅಂದ್ರೆ ಸರಿಯಾಗಿ ಓದೋ ಹೊತ್ತು. ಫಹೀಮಾ ಒಪ್ಪಲಿಲ್ಲ. ಹಾಸ್ಟೆಲಿನಿಂದ ಹೊರಗೆ ಹಾಕಿದ್ರು. ಅವರು ಹೈಕೋರ್ಟಿಗೆ ಹೋದ್ರು.

2019ರ ಸೆಪ್ಟೆಂಬರ್ 19ಕ್ಕೆ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಪಿ.ವಿ. ಆಶಾ ತೀರ್ಪು ಕೊಟ್ರು. ಇಂಟರ್ನೆಟ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯ ಕೆಳಗೆ ಬರೋ ಶಿಕ್ಷಣದ ಹಕ್ಕು, ಖಾಸಗಿತನದ ಹಕ್ಕು ಎರಡರ ಭಾಗ. ಶಿಸ್ತು ಬೇಕು, ಆದ್ರೆ ಶಿಸ್ತಿನ ಹೆಸರಲ್ಲಿ ಜ್ಞಾನದ ದಾರಿ ಮುಚ್ಚಬಾರದು ಅನ್ನೋದು ತೀರ್ಪಿನ ತಿರುಳು. ಅವರನ್ನ ಹಾಸ್ಟೆಲಿಗೆ ವಾಪಸ್ ಸೇರಿಸ್ಕೊಳ್ಳಿ ಅಂತಲೂ ಆದೇಶ ಆಯ್ತು.

ಗಮನಿಸಿ, ನಿಯಮವೇ ಬೇಡ ಅಂತ ಕೋರ್ಟ್ ಹೇಳಲಿಲ್ಲ. ಬೇರೆಯವರಿಗೆ ತೊಂದರೆ ಆಗದ ಹಾಗೆ ಬಳಸಬೇಕು ಅನ್ನೋದು ಹಾಗೇ ಇದೆ. ಆದ್ರೆ ಆವತ್ತಿನಿಂದ ನಿಯಮ ಮಾಡೋರಿಗೂ ಒಂದು ನಿಯಮ ಬಂದಂಗಾಯ್ತು: ಯಾಕೆ ಅಂತ ಹೇಳೋಕೆ ಆಗಬೇಕು.

ಭಾಗ 8/10

ಆಮೇಲೆ 2020. ಇದನ್ನ ನಾವೇ ಬದುಕಿದ್ದೀವಿ.

ಶಾಲೆ ಮುಚ್ಚಿತು. ಅಲ್ಲೀವರೆಗೆ "ಫೋನ್ ಮುಟ್ಟಬೇಡ" ಅಂದವರೇ "ಫೋನ್ ತಗೊಂಡು ಕ್ಲಾಸಿಗೆ ಕೂತ್ಕೋ" ಅಂದ್ರು. ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ನಿಲ್ಲಿಸ್ತು. ಚಿಕ್ಕ ಮಕ್ಕಳ ಕಣ್ಣು, ಮನಸ್ಸು, ಫೋನ್ ಇಲ್ಲದ ಮನೆಗಳು, ಚಿಂತೆ ನಿಜವಾದದ್ದೇ. ತಿಂಗಳ ಕೊನೆಗೆ ಇಷ್ಟೇ ಹೊತ್ತು ಅಂತ ಮಿತಿ ಹಾಕಿ ಇನ್ನೊಂದು ಆದೇಶ ಬಂತು. ಜುಲೈ 8ಕ್ಕೆ ಕರ್ನಾಟಕ ಹೈಕೋರ್ಟ್ ಎರಡಕ್ಕೂ ತಡೆ ಕೊಟ್ಟಿತು. ಇದು ಮಕ್ಕಳ ಶಿಕ್ಷಣದ ಹಕ್ಕಿಗೆ ಅಡ್ಡ ಬರುತ್ತೆ ಅಂತ. ಹಾಗಂತ ಶಾಲೆಗಳು ಆನ್‌ಲೈನ್ ಪಾಠವನ್ನ ಕಡ್ಡಾಯ ಮಾಡೋ ಹಾಗಿಲ್ಲ ಅಂತಲೂ ಸ್ಪಷ್ಟ ಮಾಡ್ತು. ಅದೇ ತಿಂಗಳು 14ಕ್ಕೆ ಕೇಂದ್ರದ "ಪ್ರಜ್ಞಾತಾ" ಮಾರ್ಗಸೂಚಿ ಬಂತು: 1ರಿಂದ 8ನೇ ಕ್ಲಾಸಿಗೆ ದಿನಕ್ಕೆ ಎರಡು, 9ರಿಂದ 12ಕ್ಕೆ ನಾಲ್ಕು ಪಾಠ, ಒಂದೊಂದು 30ರಿಂದ 45 ನಿಮಿಷ.

ನಮ್ಮ ಬ್ಯಾಚ್ ಎಸ್ಸೆಸ್ಸೆಲ್ಸಿ ಬರೆದಿದ್ದು 2021ರ ಜುಲೈ 19 ಮತ್ತು 22, ಬರೀ ಎರಡೇ ದಿನ, ಟಿಕ್ ಹಾಕೋ ಪರೀಕ್ಷೆ. ನೆನಪಿದೆಯಾ?

ನಮ್ಮ ಮನೇಲಿ ಇದ್ದಿದ್ದು ಒಂದೇ ಫೋನ್, ಅಪ್ಪನದು. ಅಪ್ಪ ಗೂಡಿನ ಮಾರ್ಕೆಟ್‌ನಿಂದ ಬರೋದು ಮಧ್ಯಾಹ್ನ. ಬೆಳಗಿನ ಕ್ಲಾಸು ಹೋಯ್ತು. ದೂರದರ್ಶನ ಚಂದನದಲ್ಲಿ "ಸಂವೇದ" ಪಾಠ ಬರದೇ ಇದ್ದಿದ್ರೆ ಗಣಿತ ಮುಗೀತಿತ್ತು ನನ್ನ ಕಥೆ. ಆಗೆಲ್ಲಾ ಆ ಕಾರಿಡಾರಿನ ಕೊನೆಯ ರೂಮು ನೆನಪಾಗ್ತಿತ್ತು. ಅಲ್ಲಿ ಕಂಪ್ಯೂಟರ್ ಇದೆ. ಮನೇಲಿ ಇಲ್ಲ. ಕೊರೊನಾಗೆ ಮುಂಚೆ ಎರಡು ವರ್ಷ ಶಾಲೆ ತೆರೆದೇ ಇತ್ತಲ್ಲ, ಆಗಲಾದ್ರೂ ನಮಗೆ ಮುಟ್ಟೋಕೆ ಬಿಟ್ಟಿದ್ದರೆ ಅಂತ.

ಭಾಗ 9/10

ಬೇರೆ ದಾರಿ ಇಲ್ವಾ ಅಂತ ಕೇಳ್ತೀರಾ. ಕನ್ನಡ ಮೀಡಿಯಂ ಮಕ್ಕಳೇ ಇರೋ ಒಂದು ಜಾಗ ನೋಡೋಣ, ಕಾಸರಗೋಡು.

ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಶುರುವಾಗಿದ್ದೂ 2001ರಲ್ಲೇ, ನಮ್ಮ ಮಾಹಿತಿ ಸಿಂಧು ಆದ ವರ್ಷ. ಅವರು ಕಲಿಸೋ ಕೆಲಸಕ್ಕೆ ಶಾಲೆಯ ಮೇಷ್ಟ್ರನ್ನೇ ತಯಾರು ಮಾಡಿದ್ರು. ಮುಕ್ತ ತಂತ್ರಾಂಶ ಹಾಕಿದ್ರು. ಐಟಿ ಪಾಠಪುಸ್ತಕ ಕಾಸರಗೋಡಿನ ಮಕ್ಕಳಿಗೆ ಕನ್ನಡದಲ್ಲೂ ಬಂತು. 2018ರ ಜನವರಿಯಲ್ಲಿ "ಲಿಟಲ್ ಕೈಟ್ಸ್" ಅನ್ನೋ ಕ್ಲಬ್ಬುಗಳು ಶುರುವಾದ್ವು, ಸುಮಾರು 1 ಲಕ್ಷ ಹೈಸ್ಕೂಲ್ ಮಕ್ಕಳು. ಲ್ಯಾಬ್ ನೋಡಿಕೊಳ್ಳೋಕೆ ಮೇಷ್ಟ್ರಿಗೆ ಕೈ ಜೋಡಿಸೋರು ಅವರೇ. ಮುಂದೆ ಅದೇ ಮಕ್ಕಳು ಅಮ್ಮಂದಿರಿಗೆ ಸೈಬರ್ ಸುರಕ್ಷತೆ ಹೇಳಿಕೊಟ್ರು.

ನಾನು ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ ಅದೇ ವರ್ಷ, ಅದೇ ಕ್ಲಾಸು, ಅದೇ ಭಾಷೆ. ಅಲ್ಲಿ ನನ್ನಂಥವಳೊಬ್ಬಳು ಕೆಟ್ಟ ಕಂಪ್ಯೂಟರಿನ ಮುಂದೆ ಕೂತು ಏನಾಗಿದೆ ಅಂತ ನೋಡ್ತಿದ್ದಳು. ಕೇರಳದಲ್ಲೂ ಎಲ್ಲಾ ಚೆನ್ನಾಗಿಲ್ಲ, ಹಾಸ್ಟೆಲ್ ಕಥೆ ಈಗಷ್ಟೇ ಓದಿದ್ರಿ. ಆದ್ರೆ ಕೀ ಯಾರ ಕೈಗೆ ಕೊಡ್ತೀರಿ ಅನ್ನೋದರ ಮೇಲೆ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ.

ಮತ್ತೆ ಇವತ್ತಿನ ಮಾತು. ಕೇಂದ್ರದ ಯುಡೈಸ್ ಪ್ಲಸ್ ಅಂಕಿ ಪ್ರಕಾರ 2023-24ರಲ್ಲಿ ದೇಶದ 57.2% ಶಾಲೆಗಳಲ್ಲಿ ಕೆಲಸ ಮಾಡೋ ಕಂಪ್ಯೂಟರ್ ಇತ್ತು, 53.9% ಶಾಲೆಗಳಲ್ಲಿ ಇಂಟರ್ನೆಟ್. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದ ಎಲ್ಲರೂ ಮಕ್ಕಳು, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು. ಇದು ಮೂರನೇ ತಲೆಮಾರಿನ ರೂಲ್ಸ್: ಕಂಪನಿಗಳಿಂದ ನಮ್ಮನ್ನ ಕಾಪಾಡೋದು. ಮೊದಲು ಯಂತ್ರ, ಆಮೇಲೆ ನಡತೆ, ಈಗ ಮಾಹಿತಿ. ಮೂರರಲ್ಲೂ ನಾವು ಕಾಪಾಡಿಸ್ಕೊಳ್ಳೋರು ಅಥವಾ ಹಾಳು ಮಾಡೋರು. ಕಲಿಯೋರು ಅಂತ ನಮ್ಮನ್ನ ಬರೆದ ರೂಲ್ ಕಮ್ಮಿ.

ಭಾಗ 10/10

ನನ್ನ ತಂಗಿ ಈಗ ಒಂಬತ್ತನೇ ಕ್ಲಾಸು. ಮೊನ್ನೆ ಕೇಳಿದೆ, "ಲ್ಯಾಬಿಗೆ ಹೋಗ್ತೀರಾ?" "ಹೋಗ್ತೀವಿ ಅಕ್ಕಾ, ನೋಡ್ತೀವಿ" ಅಂದಳು. ನೋಡ್ತೀವಿ ಅಂದಳು, ಮಾಡ್ತೀವಿ ಅನ್ನಲಿಲ್ಲ.

ಅದಕ್ಕೆ ನನ್ನ ಹಳೆ ಐದು "ಬಾರದು" ಹರಿದು ಹಾಕಿದೆ. ಸೋಮವಾರ ಕೊಡೋದು ಇವು:

ಒಂದು. ನಿಯಮ ಕನ್ನಡದಲ್ಲೂ ಇರಬೇಕು, ಪ್ರತಿಯೊಂದರ ಪಕ್ಕ ಯಾಕೆ ಅಂತ ಒಂದು ಸಾಲು. ಯಾಕೆ ಅಂತ ಬರೆಯೋಕೆ ಆಗದ ನಿಯಮ ತೆಗೆಯಬೇಕು.

ಎರಡು. ದಿನಾ ಕ್ಲಾಸ್ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿರಬೇಕು. ಕೀ ಜವಾಬ್ದಾರಿ ಒಬ್ಬ ಲೆಕ್ಚರರ್ ಜೊತೆ ಇಬ್ಬರು ವಿದ್ಯಾರ್ಥಿಗಳಿಗೆ, ತಿಂಗಳಿಗೊಮ್ಮೆ ಸರದಿ ಬದಲು.

ಮೂರು. ಮನೇಲಿ ಕಂಪ್ಯೂಟರ್ ಇಲ್ಲದವರಿಗೆ ಮೊದಲ ಸೀಟು. ಜೋಡಿಯಲ್ಲಿ ಕೂತ್ರೆ ಅರ್ಧ ಗಂಟೆಗೆ ಮೌಸ್ ಕೈ ಬದಲಾಗಬೇಕು.

ನಾಲ್ಕು. ಸೈಟ್ ಬ್ಲಾಕ್ ಆಗಿದ್ರೆ ಬರೆಯೋಕೆ ಒಂದು ಪುಸ್ತಕ, ಎರಡು ದಿನದಲ್ಲಿ ತೆಗೆದಿದ್ದೀವಿ ಅಥವಾ ಇಲ್ಲ ಅಂತ ಕಾರಣ ಸಮೇತ ಉತ್ತರ.

ಐದು. ನಾವು ಏನು ನೋಡಿದ್ವಿ ಅಂತ ಕಾಲೇಜು ದಾಖಲೆ ಇಡೋದಾದ್ರೆ ಇಡಲಿ. ಯಾರು ನೋಡ್ತಾರೆ, ಎಷ್ಟು ದಿನ ಇರುತ್ತೆ ಅಂತ ಅದೇ ಹಾಳೆಯಲ್ಲಿ ಬರೀಲಿ. ನಮ್ಮ ಕಡೆಯಿಂದ: ಪಾಸ್‌ವರ್ಡ್ ಹಂಚಲ್ಲ, ಬೇರೆಯವರ ಖಾತೆ ಮುಟ್ಟಲ್ಲ, ಲಾಗೌಟ್ ಮಾಡದೆ ಏಳಲ್ಲ.

ತಿಂಡಿ ತರಬಾರದು ಅನ್ನೋದು ಇರಲಿ ಬಿಡಿ, ಕೀಬೋರ್ಡಿಗೆ ಮಂಡಕ್ಕಿ ಬಿದ್ರೆ ಕ್ಲೀನ್ ಮಾಡೋದು ಕಷ್ಟ. ನೋಡಿ, ಕಾರಣ ಬರೆದೆ.

ಈ ಐದೂ ಪಾಸ್ ಆಗುತ್ತೆ ಅಂತ ನನಗೆ ನಂಬಿಕೆ ಇಲ್ಲ. ಎರಡು ಆದ್ರೂ ಸಾಕು, ಪಾರ್ಟಿ ಕೊಡಿಸ್ತೀನಿ. ನಿಮ್ಮ ಶಾಲೆಯ ಲ್ಯಾಬಿನಲ್ಲಿ ಏನು ರೂಲ್ ಇತ್ತು, ಯಾವ ಭಾಷೆಯಲ್ಲಿತ್ತು, ಮೌಸ್ ನಿಮ್ಮ ಕೈಗೆ ಬಂದಿತ್ತಾ? ಶಾಲೆ ಹೆಸರು ಬೇಡ, ವರ್ಷ ಸಾಕು, ಕಾಮೆಂಟ್ ಮಾಡಿ. ಭಾನುವಾರ ರಾತ್ರಿ ತನಕ ಬಂದಿದ್ದನ್ನೆಲ್ಲಾ ಪ್ರಿಂಟ್ ತೆಗೆದು ನನ್ನ ಹಾಳೆ ಜೊತೆ ಪಿನ್ ಮಾಡ್ತೀನಿ.

#ನಮ್ಮವಿಜಯಪುರ #ವಡಿಗೇನಹಳ್ಳಿ #ದೇವನಹಳ್ಳಿ #ಲ್ಯಾಬ್‌ಬೀಗ #ಕನ್ನಡಮೀಡಿಯಂ #ಬಿಕಾಂಹುಡುಗಿಯಇತಿಹಾಸ